ಗೋಧಿ, ಹಾಲು, ಸೋಯಾ ಮೂರೂ ಆಗದವರಿಗೆ ಯಾವ ಬ್ರೆಡ್?

ಗೋಧಿಯೊಂದೇ ಆಗದವರಿಗೆ ಹೇಗೋ ಒಂದು ಬ್ರೆಡ್ ಸಿಕ್ಕೀತು. ಜೊತೆಗೆ ಹಾಲೋ ಮೊಟ್ಟೆಯೋ ಸೋಯಾನೋ ಸೇರಿಕೊಂಡರೆ ತಲೆನೋವು ಶುರು. ಹಿಟ್ಟಿನಲ್ಲಿ ಗಾಳಿಗುಳ್ಳೆ ಹಿಡಿದಿಡುವುದು ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನ ಕೆಲಸ. ಅದನ್ನು ತೆಗೆದ ಮೇಲೆ ಆ ಜಾಗಕ್ಕೆ ಬರುವುದು ಹೆಚ್ಚಾಗಿ ಮೊಟ್ಟೆಯ ಬಿಳಿ, ಹಾಲಿನ ಪುಡಿ, ಸೋಯಾ ಹಿಟ್ಟು. ಒಂದನ್ನು ತಪ್ಪಿಸಲು ಹೋಗಿ ಇನ್ನೊಂದರ ಬಾಯಿಗೆ ಬೀಳುವುದು ಹೀಗೆ. ಬೆಂಗಳೂರಿನಂಥ ಊರಲ್ಲಿ ಸಿಗುವ ಬಗೆಗಳನ್ನು ಈ ಲೆಕ್ಕದಲ್ಲೇ ತೂಗಿದ್ದೇವೆ.

ಅಯ್ಯಂಗಾರ್ ಬೇಕರಿ ಬ್ರೆಡ್ ಮೈದಾದ್ದು, ಗೋಧಿ ಆಗದವರಿಗೆ ಸಲ್ಲದು. ಮೊಟ್ಟೆ ಮಾತ್ರ ಆಗದವರಿಗೆ ಮೊದಲಿಂದಲೂ ಆಸರೆ. ಹಾಲು, ಸೋಯಾ ಆಗದಿದ್ದರೆ ಎರಡು ಪ್ರಶ್ನೆ ಕೇಳಿ: ಹಾಲಿನ ಪುಡಿ ಹಾಕುತ್ತೀರಾ? ಇಂಪ್ರೂವರ್ ಯಾವುದು? ಬ್ರೆಡ್ ಚೆನ್ನಾಗಿ ಉಬ್ಬಿ ಮೆತ್ತಗಾಗಲೆಂದು ಹಾಕುವ ಈ ಇಂಪ್ರೂವರ್ ಪುಡಿಗಳಲ್ಲಿ ಸೋಯಾ ಹಿಟ್ಟು ಇರುವುದು ಸಾಮಾನ್ಯ, ಹಾಗಾಗಿ ಪೊಟ್ಟಣವನ್ನೇ ತೋರಿಸಲು ಹೇಳಿ. ಎಲ್ಲಕ್ಕಿಂತ ಮುಖ್ಯ, ಬ್ರೆಡ್ ಕತ್ತರಿಸುವ ಯಂತ್ರ. ಬೆಳಗ್ಗೆಯಿಂದ ಹಾಲಿನ ಬ್ರೆಡ್ಡನ್ನೂ ಬೆಣ್ಣೆ ಬ್ರೆಡ್ಡನ್ನೂ ಕತ್ತರಿಸಿದ ಬ್ಲೇಡಿನ ಸಂದಿಯಲ್ಲಿ ಚೂರು ತುಂಬಿರುತ್ತದೆ. ಇಡೀ ಬ್ರೆಡ್ ಕೊಂಡು ಮನೆಯಲ್ಲೇ ಕೊಯ್ದುಕೊಳ್ಳಿ.

ಸೂಪರ್ ಮಾರ್ಕೆಟ್ಟಿನ ‘ಬ್ರೌನ್’, ‘ಮಲ್ಟಿಗ್ರೇನ್’, ‘ರಾಗಿ’ ಬ್ರೆಡ್ಡುಗಳ ಮುಂಭಾಗ ಓದಿ ಪ್ರಯೋಜನವಿಲ್ಲ, ತಿರುಗಿಸಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಲೇಬೇಕು. ಮೊದಲ ಹೆಸರು ಮೈದಾ ಆಗಿದ್ದು ರಾಗಿ ಉಪ್ಪಿನ ಆಸುಪಾಸಿನಲ್ಲಿದ್ದರೆ ಅದು ಬಣ್ಣದ ಮೈದಾ ಬ್ರೆಡ್ಡೇ. ಮೆತ್ತಗಾಗಲೆಂದು ಕೆಲವರು ಗೋಧಿ ಗ್ಲುಟನ್ನನ್ನು ಬೇರೆಯಾಗಿ ಸೇರಿಸುವುದೂ ಉಂಟು. ಪಟ್ಟಿಯಲ್ಲಿ 322 ಎಂಬ ಸಂಖ್ಯೆ ಕಂಡರೆ ಅದು ಲೆಸಿಥಿನ್, ಎಣ್ಣೆ-ನೀರು ಬೆರೆಸುವ ಪದಾರ್ಥ, ಬಹಳ ಸಲ ಸೋಯಾದ್ದು. ಮಾಲ್ಟ್ ಎಂದಿದ್ದರೆ ಸಾಮಾನ್ಯವಾಗಿ ಬಾರ್ಲಿ, ಅದರಲ್ಲೂ ಗ್ಲುಟನ್ ಉಂಟು. ಗೋಧಿ, ಹಾಲು, ಮೊಟ್ಟೆ, ಸೋಯಾ, ಕಡಲೆಕಾಯಿಗಳನ್ನು ಅಲರ್ಜಿ ಸೂಚನೆಯಲ್ಲಿ ತಿಳಿಸಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮವಿದೆ. ಎಳ್ಳು ಆ ಕಡ್ಡಾಯ ಪಟ್ಟಿಯಲ್ಲಿಲ್ಲ, ಎಳ್ಳು ಆಗದವರು ಇಡೀ ಪಟ್ಟಿ ಓದಬೇಕು.

ಸೋರ್‌ಡೋ, ಅಂದರೆ ಹುಳಿ ಹಿಟ್ಟಿನ ಬ್ರೆಡ್ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ರಾತ್ರಿಯಿಡೀ ಹುಳಿ ಬಂದ ಹಿಟ್ಟಿನಲ್ಲಿ ಫ್ರಕ್ಟಾನ್ ಎಂಬ, ಸುಲಭವಾಗಿ ಜೀರ್ಣವಾಗದ ಕಾರ್ಬೋಹೈಡ್ರೇಟ್ ಕಡಿಮೆಯಾಗುತ್ತದೆ. ಹೊಟ್ಟೆಯುಬ್ಬರಕ್ಕೆ ಅದೇ ಕಾರಣವಾಗಿದ್ದವರಿಗೆ ಇದು ನಿಜಕ್ಕೂ ಒಗ್ಗಬಹುದು. ಗ್ಲುಟನ್ ಮಾತ್ರ ಉಳಿದೇ ಇರುತ್ತದೆ, ಗ್ಲುಟನ್‌ನಿಂದ ಕರುಳಿಗೇ ಹಾನಿಯಾಗುವ ಸೀಲಿಯಾಕ್ ಕಾಯಿಲೆಯವರು ಮುಟ್ಟಬಾರದು. ಖಪ್ಲಿ ಎಂಬ ಹಳೆಯ ತಳಿಯ ಗೋಧಿಯದಾದರೂ ಅಷ್ಟೇ. ‘ಯೀಸ್ಟ್ ಇಲ್ಲ’ ಎಂಬ ಬೋರ್ಡೂ ಅರ್ಧ ಸತ್ಯ: ಹುಳಿ ಹಿಟ್ಟಿನಲ್ಲಿರುವುದೂ ಯೀಸ್ಟೇ, ಡಬ್ಬಿಯದಲ್ಲ ಅಷ್ಟೇ.

ಗ್ಲುಟನ್ ಮುಕ್ತ ಎಂದು ಮಾರುವ ಬ್ರೆಡ್‌ನಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರುವಂತಿಲ್ಲ. ಆ ಮಟ್ಟಿಗೆ ನೆಮ್ಮದಿ. ರುಚಿಯ ಮಾತು ಬೇರೆ: ಹೆಚ್ಚಿನವು ಪಿಷ್ಟದ ಮುದ್ದೆ, ಹಾಗೇ ತಿಂದರೆ ಒದ್ದೆ ಹಲಗೆ ಜಗಿದಂತೆ, ಕಾವಲಿಯ ಮೇಲೆ ಗರಿಗರಿಯಾಗಿ ಸುಟ್ಟರೆ ಪರವಾಗಿಲ್ಲ. ಮೊಟ್ಟೆಯೂ ಹಾಲೂ ಇಲ್ಲದ್ದನ್ನು ಹುಡುಕಿದರೆ ಆಯ್ಕೆ ಒಂದೆರಡಕ್ಕೆ ಇಳಿಯುತ್ತದೆ.

ಈ ಎಲ್ಲದರಲ್ಲಿ ನಮ್ಮ ಮತ ಮನೆಯ ಇಸಬ್ಗೋಲ್ ಬ್ರೆಡ್ಡಿಗೆ. 400 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ ಇಸಬ್ಗೋಲ್ ಸಿಪ್ಪೆ ಹಾಕಿ, ಗಂಟಾಗದಂತೆ ಕಲಕಿ, 5 ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಗ್ಲುಟನ್ ಕೆಲಸ ಮಾಡುವುದು ಈ ಲೋಳೆಯೇ. 150 ಗ್ರಾಂ ಜೋಳದ ಹಿಟ್ಟು, 100 ಗ್ರಾಂ ಅಕ್ಕಿ ಹಿಟ್ಟು, 100 ಗ್ರಾಂ ಟ್ಯಾಪಿಯೋಕಾ ಪಿಷ್ಟ, 6 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 10 ಗ್ರಾಂ ಸಕ್ಕರೆ, 6 ಗ್ರಾಂ ಉಪ್ಪು, 20 ಮಿ.ಲೀ. ಎಣ್ಣೆ ಸೇರಿಸಿ ಚೆನ್ನಾಗಿ ಕಲಸಿ. ನಾದುವ ಗೋಜಿಲ್ಲ. ನೇರ ಅಚ್ಚಿಗೆ ಹಾಕಿ, ಒಂದೂವರೆ ಪಟ್ಟು ಉಬ್ಬಿದಾಗ ಓವನ್ನಿಗಿಡಿ. ಎರಡು ಪಟ್ಟಾಗಲಿ ಎಂದು ಕಾದರೆ ಒಲೆಯೊಳಗೆ ನಡು ಕುಸಿಯುತ್ತದೆ. 200 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬೇಯಲಿ, ಒಳಗಿನ ಶಾಖ 97 ಡಿಗ್ರಿ ಮುಟ್ಟಬೇಕು. ರಾಗಿ ಬೇಕಿದ್ದರೆ ಹಿಟ್ಟಿನ ಕಾಲು ಭಾಗ ಸಾಕು, ಮೀರಿದರೆ ಇಟ್ಟಿಗೆ.

ಹೆಚ್ಚಿನವರು ಕೆಡಿಸುವುದು ಕೊಯ್ಯುವಾಗ. ಬಿಸಿಯಲ್ಲೇ ಚಾಕು ಹಾಕಿದರೆ ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗಿರದೆ ಚಾಕುವಿಗೆ ಅಂಟಿ ಬರುತ್ತದೆ, ಬೆಂದೇ ಇಲ್ಲ ಎನಿಸುತ್ತದೆ. ಎರಡೂವರೆ ಗಂಟೆ ತಾಳಿ. (ಅಷ್ಟು ಹೊತ್ತಿಗೆ ಎಷ್ಟು ಜೋಳದ ರೊಟ್ಟಿ ತಟ್ಟಬಹುದಿತ್ತು ಅನ್ನಿಸಿದರೆ ತಪ್ಪೇನಿಲ್ಲ.) ಹೊಸದಾಗಿ ಇಸಬ್ಗೋಲ್ ತಿನ್ನುವವರು ದಿನಕ್ಕೊಂದು ತುಂಡಿನಿಂದ ಶುರು ಮಾಡಿ, ನೀರು ಹೆಚ್ಚು ಕುಡಿಯಿರಿ. ಇಸಬ್ಗೋಲಿಗೇ ಅಲರ್ಜಿ ಇರುವವರೂ ಇದ್ದಾರೆ.

ಹಿಟ್ಟಿನ ಗಿರಣಿಯಲ್ಲಿ ಎಚ್ಚರ: ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳ ಬಿದ್ದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಬ್ರೆಡ್ ಆರಿದ ಮೇಲೆ ಕೊಯ್ದು ಫ್ರೀಜರಿನಲ್ಲಿಡಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಬೇಗ ಬಿರುಸಾಗುತ್ತದೆ. ಮನೆಯ ಉಳಿದವರು ಗೋಧಿ ಬ್ರೆಡ್ ತಿನ್ನುವವರಾದರೆ ಟೋಸ್ಟರ್ ಹಂಚಿಕೊಳ್ಳಬೇಡಿ. ಕಾವಲಿಯಾದರೆ ಉಜ್ಜಿ ತೊಳೆಯಬಹುದು, ಟೋಸ್ಟರಿನ ತಂತಿಗಳ ನಡುವೆ ಕೂತ ಚೂರನ್ನು ತೆಗೆಯಲಾಗದು.