ಗುಳಿಗೆ ಅದೇ, ಸ್ಟ್ರಿಪ್ ಬೇರೆ: ನಮ್ಮ ಏರಿಯಾದ ಜನರಿಕ್ ಔಷಧಿ ಅಂಗಡಿ

ದಾವಣಗೆರೆಯಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಜನರಿಕ್ ಔಷಧಿ ಅಂಗಡಿ ಇದೆ, ಅಂದರೆ ದೊಡ್ಡ ಬ್ರಾಂಡ್ ಹೆಸರಿಲ್ಲದ ಅದೇ ಔಷಧಿಯನ್ನು ಅಗ್ಗಕ್ಕೆ ಮಾರುವ ಕಡೆ. ಹೆಸರು ಬೇಡ ಬಿಡಿ. ಅವ್ವನ ಬಿಪಿ, ಶುಗರ್, ಕೊಲೆಸ್ಟ್ರಾಲ್ ಗುಳಿಗೆ ಈಗ ಅಲ್ಲಿಂದಲೇ ತರುತ್ತೇನೆ. ಮುಂಚೆ ತಿಂಗಳಿಗೆ 1,200 ರೂಪಾಯಿ ಹತ್ತಿರ ಆಗುತ್ತಿತ್ತು, ಈಗ 400ರ ಒಳಗೇ ಮುಗಿಯುತ್ತದೆ. ದುಡ್ಡಿನ ವಿಚಾರ ಇಷ್ಟೇ. ಅದನ್ನು ಹೇಳೋಕೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ನನ್ನ ತಕರಾರು ಬೇರೆ. ಈ ಅಂಗಡಿಯವರು ಔಷಧಿ ಸರಿಯಾಗಿ ಕೊಡುತ್ತಾರೆ, ಜೊತೆಗೆ ಧೈರ್ಯ ಕೊಡುವುದಿಲ್ಲ. ವಯಸ್ಸಾದವರಿಗೆ ಗುಳಿಗೆ ಹಿಡಿಯಬೇಕು ಅಂದರೆ ಎರಡೂ ಬೇಕು.

ನನ್ನದು ಸಣ್ಣ ಆಫ್‌ಸೆಟ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಆಗಾಗ ಊದುಬತ್ತಿ ಡಬ್ಬಿ. ಹಾಗಾಗಿ ಯಾವ ಸಾಮಾನು ಕೈಗೆ ಬಂದರೂ ಕಣ್ಣು ಮೊದಲು ಹೋಗುವುದು ಪ್ಯಾಕಿಂಗ್ ಮೇಲೆ. ಅವ್ವನ ಹಳೇ ಬಿಪಿ ಗುಳಿಗೆಯ ಸ್ಟ್ರಿಪ್ ಗಟ್ಟಿ ಫಾಯಿಲ್‌ನದು, ಮಡಚಿದರೆ ಕರಕರ ಅನ್ನುತ್ತಿತ್ತು. ಕಂಪನಿ ಹೆಸರು ನೀಲಿಯಲ್ಲಿ ಎದ್ದು ಕಾಣುತ್ತಿತ್ತು. ಹೊಸದರ ಫಾಯಿಲ್ ತೆಳು. ಕೆಂಪು ಪಟ್ಟಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ನಮ್ಮ ಕಡೆ ಇದಕ್ಕೆ ರಿಜಿಸ್ಟ್ರೇಷನ್ ಔಟ್ ಅಂತೀವಿ. ಸಾಲ್ಟ್ ಹೆಸರು, ಅಂದರೆ ಒಳಗಿನ ಮೂಲ ಔಷಧಿಯ ಹೆಸರು, ದಪ್ಪಕ್ಷರದಲ್ಲಿದೆ, ಕಂಪನಿ ಹೆಸರು ಭೂತಗನ್ನಡಿ ಹಿಡಿದು ಓದಬೇಕು. ಒಳಗಿರುವುದು ಮಾತ್ರ ಅದೇ ಟೆಲ್ಮಿಸಾರ್ಟಾನ್ 40 ಎಂಜಿ. ಅಚ್ಚು ಪಕ್ಕಕ್ಕೆ ಸರಿದರೆ ಔಷಧಿ ಸರಿಯುವುದಿಲ್ಲ ಅಂತ ನನಗೆ ಗೊತ್ತು. ಆದರೆ ಗಿರಾಕಿಯ ಬೆರಳಿಗೆ ಗೊತ್ತಿರುವುದಿಲ್ಲ. ಒಂದೇ ಬೋರ್ಡಿನಲ್ಲಿ ಎರಡು ಮದುವೆ ಕಾರ್ಡು ಮಾಡಿ, ಒಂದಕ್ಕೆ ಗೋಲ್ಡ್ ಫಾಯಿಲ್ ಹೊಡೆದಿಡಿ. ಗಿರಾಕಿ ಅದನ್ನೇ ಉಜ್ಜಿ ನೋಡಿ, "ಇದರ ಪೇಪರ್ ದಪ್ಪ ಇದೆ, ಇದೇ ಇರಲಿ" ಅನ್ನುತ್ತಾರೆ. ಸುಮ್ನೆ ಹೇಳುವುದಲ್ಲ, ಅವರ ಬೆರಳಿಗೆ ನಿಜಕ್ಕೂ ದಪ್ಪ ಸಿಕ್ಕಿರುತ್ತದೆ.

ಮೊದಲ ಸಲ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಹುಡುಗ ಒಳ್ಳೆಯವನೇ. ಚೀಟಿ ನೋಡಿದ, ಡಬ್ಬದಿಂದ ಸ್ಟ್ರಿಪ್ ತೆಗೆದ, ನಗುತ್ತಾ ಹೇಳಿದ: "ಇದು ಚೀಪ್ ಕಂಪನಿದು ಅಜ್ಜಿ, ಆದ್ರೂ ನಡೀತದೆ."

ಮುಗೀತು! ಅವನು ಕೊಟ್ಟ ಗುಳಿಗೆಯ ಅರ್ಧ ಶಕ್ತಿಯನ್ನು ಅವನ ಬಾಯೇ ತಿಂದುಹಾಕಿತು. ಎರಡು ದಿನಕ್ಕೆ ಅವ್ವ ಶುರು ಮಾಡಿದಳು. "ಈ ಗುಳಿಗಿ ನನಗೆ ಒಗ್ಗವಲ್ದು. ತಲಿ ದಿಮ್ ಅಂತೈತಿ." ಮನೆಯಲ್ಲಿ ಬಿಪಿ ಮಿಷನ್ ಇದೆ, ಹಚ್ಚಿ ನೋಡಿದೆ. ಹಳೇ ಗುಳಿಗೆಯಲ್ಲಿ ಎಷ್ಟಿರುತ್ತಿತ್ತೋ ಅಷ್ಟೇ ಇತ್ತು. ತೋರಿಸಿದರೆ, "ಮಿಷನ್ನಿಗೇನ್ ಗೊತ್ತಪ್ಪಾ ನನ್ನ ತಲಿನೋವು?" ಅಂದಳು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಶುಗರ್ ಗುಳಿಗೆಯ ಗಲಾಟೆ. ಒಂದು ಬೆಳಿಗ್ಗೆ ನನ್ನ ಹೆಂಡತಿಯನ್ನು ಕರೆದು ಗುಟ್ಟಾಗಿ ಹೇಳಿದಳಂತೆ: ಗುಳಿಗೆ ಕರಗೇ ಇಲ್ಲ, ನುಂಗಿದ ಹಂಗೇ ಹೊರಗೆ ಬಂದೈತಿ. ಹೊರಗೆ ಬಂದದ್ದು ನಿಜ, ಕರಗಿಲ್ಲ ಅನ್ನುವುದಲ್ಲ. ಮೆಟ್‌ಫಾರ್ಮಿನ್ ಎಸ್‌ಆರ್ ಅಂತ ಬರೆದಿರುವ ಗುಳಿಗೆ ನಿಧಾನವಾಗಿ ಔಷಧಿ ಬಿಡುವಂಥದ್ದು. ಔಷಧಿಯೆಲ್ಲ ಹೊಟ್ಟೆಯೊಳಗೆ ಇಳಿದ ಮೇಲೂ ಕೆಲವು ಸಲ ಮೆತ್ತಗಿನ ಖಾಲಿ ಸಿಪ್ಪೆ ಗುಳಿಗೆಯ ಆಕಾರದಲ್ಲೇ ಹೊರಗೆ ಬರುತ್ತದೆ. ದೊಡ್ಡ ಕಂಪನಿಯ ಎಸ್‌ಆರ್ ಗುಳಿಗೆಯೂ ಹೀಗೇ ಮಾಡಬಹುದು. ಅವ್ವ ಅಷ್ಟು ವರ್ಷ ಅದನ್ನು ನುಂಗಿದ್ದಾಳೆ, ಒಂದು ದಿನವೂ ನೋಡಿದವಳಲ್ಲ. ಅನುಮಾನ ಬಂದ ಮೇಲೆ ನೋಡಿದಳು, ನೋಡಿದ ಮೇಲೆ ಸಿಕ್ಕಿತು. ಅಂಗಡಿಯವರು ಇದನ್ನು ಒಂದು ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು, ಅಲ್ವಾ?

ಅವ್ವನದು ಬರೀ ಹಳೇ ಕಾಲದವರ ಹಟ ಅಂದುಕೊಳ್ಳಬೇಡಿ. ನ್ಯೂಜಿಲೆಂಡ್‌ನಲ್ಲಿ ಇಡೀ ದೇಶವೇ ಹೀಗೆ ಮಾಡಿತ್ತು. 2007ರಲ್ಲಿ ಅಲ್ಲಿ ಥೈರಾಯ್ಡ್ ಗುಳಿಗೆಯ ತಯಾರಿ ಕೆನಡಾದಿಂದ ಜರ್ಮನಿಗೆ ಹೋಯಿತು. ಒಳಗಿನ ಔಷಧಿ ಅದೇ. ಜೊತೆಗೆ ಬೆರೆಸುವ ಪುಡಿ ಮತ್ತು ಗುಳಿಗೆಯ ರೂಪ ಬದಲಾದವು. ಅದಕ್ಕೂ ಮುಂಚಿನ 30 ವರ್ಷದಲ್ಲಿ ಆ ಗುಳಿಗೆ ಮೇಲೆ ಬಂದಿದ್ದ ಅಡ್ಡಪರಿಣಾಮದ ದೂರು ಬರೀ 14. ಬದಲಾದ ಮೇಲೆ 18 ತಿಂಗಳಲ್ಲಿ ಬಂದಿದ್ದು 1,400ಕ್ಕೂ ಜಾಸ್ತಿ! ತಪಾಸಣೆ ಮಾಡಿದರು, ಔಷಧಿಯಲ್ಲಿ ದೋಷ ಸಿಗಲಿಲ್ಲ. ಟಿವಿ, ಪೇಪರಿನಲ್ಲಿ ಸುದ್ದಿ ಜೋರಾಗಿದ್ದ ಕಡೆ ದೂರೂ ಜಾಸ್ತಿ ಏರಿತ್ತು. ಗುಳಿಗೆಯ ರೂಪಕ್ಕೆ ಎಷ್ಟು ತೂಕ ಇದೆ ಅಂತ ಪ್ರಿಂಟಿಂಗ್‌ನವನಾದ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಆ 1,400 ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಾಗಂತ ಆ ಜನ ಸುಳ್ಳು ಹೇಳಿದರು ಅಂತಲೂ ಅಲ್ಲ. ನೋವು ನೋವೇ. 1978ರಲ್ಲಿ ಅಮೆರಿಕದಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧಿಯೇ ಇಲ್ಲದ ಮದ್ದು ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಆಮೇಲೆ, ಮೈಯೊಳಗೇ ಹುಟ್ಟುವ ನೋವು ನಿವಾರಕವನ್ನು ತಡೆಯುವ ನಾಲೊಕ್ಸೋನ್ ಕೊಟ್ಟಾಗ ಅವರಿಗೆ ನೋವು ಮತ್ತೆ ಏರಿತು. ಅಂದರೆ ನಂಬಿಕೆ ತಲೆಯಲ್ಲೇ ನಿಲ್ಲುವುದಿಲ್ಲ, ಮೈಗೂ ಇಳಿಯುತ್ತದೆ. ಅನುಮಾನವೂ ಅಷ್ಟೇ.

ಈ ಅಂಗಡಿಯ ಬೆಲೆಯ ಆಟವನ್ನೂ ಹೇಳಬೇಕು. ಇಲ್ಲಿನ ಕೆಲವು ಸ್ಟ್ರಿಪ್ ಮೇಲೆ ಎಂಆರ್‌ಪಿ 110 ರೂಪಾಯಿ ಅಂತ ಇರುತ್ತದೆ, ಕೊಡುವುದು 30ಕ್ಕೆ. 2008ರಲ್ಲಿ ಶುರುವಾದ ಸರ್ಕಾರದ ಜನೌಷಧಿ ಕೇಂದ್ರಗಳಲ್ಲಿ ಹಾಗಿಲ್ಲ, ಅಲ್ಲಿ ಅಚ್ಚಾದ ಎಂಆರ್‌ಪಿಯೇ ಕಡಿಮೆ. ನನ್ನ ಲೆಕ್ಕದಲ್ಲಿ ಎರಡನೆಯದೇ ಸರಿ. ಅವ್ವನ ಲೆಕ್ಕ ಬೇರೆ. "110ರ ಗುಳಿಗಿ 30ಕ್ಕೆ ಸಿಕ್ತು" ಅಂದರೆ ಅವಳಿಗೆ ಲಾಭ. "ಇದರ ಬೆಲೆಯೇ 12 ರೂಪಾಯಿ" ಅಂದರೆ, "ಅದರಾಗೆ ಸುಣ್ಣ ತುಂಬಿರ್ತಾರ ಬಿಡು." ಅದೇ 2008ರಲ್ಲಿ ಅಮೆರಿಕದ ಸಂಶೋಧಕರು 82 ಜನರಿಗೆ ಕೈಗೆ ಸಣ್ಣ ಕರೆಂಟ್ ಶಾಕ್ ಕೊಟ್ಟು ಇದನ್ನೇ ನೋಡಿದ್ದಾರೆ. ಎಲ್ಲರಿಗೂ ಔಷಧಿ ಇಲ್ಲದ ಗುಳಿಗೆ. ಅರ್ಧ ಜನಕ್ಕೆ ಇದರ ಬೆಲೆ ಎರಡೂವರೆ ಡಾಲರ್ ಅಂದರು, ಉಳಿದವರಿಗೆ 10 ಸೆಂಟ್‌ಗೆ ಇಳಿಸಿದ್ದೇವೆ ಅಂದರು. ದುಬಾರಿ ಗುಂಪಿನಲ್ಲಿ ನೂರಕ್ಕೆ 85 ಜನ ನೋವು ಕಡಿಮೆಯಾಯಿತು ಅಂದರು, ಅಗ್ಗದ ಗುಂಪಿನಲ್ಲಿ 61. ಎಂಆರ್‌ಪಿ ಏರಿಸಿ ಅಚ್ಚು ಹಾಕಿಸುವವರು ಇದನ್ನು ಓದಿದ್ದಾರೋ ಇಲ್ಲವೋ, ವ್ಯಾಪಾರದಲ್ಲಿ ಕಲಿತಿದ್ದಾರೆ. ಒಂದೇ ತೊಂದರೆ, ಬಿಲ್ ಕೇಳದ ಗಿರಾಕಿಗೆ ಬೇರೆ ಯಾವುದೋ ಅಂಗಡಿಯವನು ಅದೇ ಸ್ಟ್ರಿಪ್ಪನ್ನು 110ಕ್ಕೇ ಮಾರಿಬಿಡಬಹುದು.

ಕೊನೆಗೆ ಅವ್ವನ ತಲೆನೋವು ಬಿಡಿಸಿದ್ದು ಅಂಗಡಿಯಲ್ಲ, ನಮ್ಮ ಡಾಕ್ಟರು. ಹೊಸ ಗುಳಿಗೆ ಹಿಡಿದು ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ ರಿಪೋರ್ಟ್ ತಗೊಂಡು ಹೋದೆವು. ಅವರು ಸ್ಟ್ರಿಪ್ ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ಓದಿದರು. ರಿಪೋರ್ಟ್ ನೋಡಿದರು. "ಶುಗರ್ ಚೆನ್ನಾಗಿದೆ ಅಮ್ಮಾ. ನಮ್ಮ ತಾಯಿಗೂ ಇದೇ ಸಾಲ್ಟ್ ಕೊಡ್ತೀನಿ" ಅಂದರು. ಅಷ್ಟೇ. ಮನೆಗೆ ಬರುವ ದಾರಿಯಲ್ಲೇ ಅವ್ವ ಬೆಣ್ಣೆ ದೋಸೆ ಕೇಳಿದಳು. ತಲೆ ದಿಮ್ ಅನ್ನುವ ಮಾತು ಆಮೇಲೆ ಅಪರೂಪ. ಹೆಂಡತಿ ಇದಕ್ಕೂ ಮುಂಚೆ ಒಂದು ಉಪಾಯ ಹೇಳಿದ್ದಳು, ಹೊಸ ಗುಳಿಗೆಗಳನ್ನು ಹಳೇ ಡಬ್ಬಿಯಲ್ಲಿ ಹಾಕಿ ಕೊಡೋಣ ಅಂತ. ನಾನು ಒಪ್ಪಲಿಲ್ಲ. ಡಬ್ಬಿ ಒಂದು, ಗುಳಿಗೆ ಇನ್ನೊಂದು ಆದರೆ ನಾಳೆ ಯಾರೋ ಎರಡೆರಡು ಸಲ ನುಂಗಿಸಿಬಿಡುತ್ತಾರೆ.

ಜನರಿಕ್ ಮೇಲಿನ ಅನುಮಾನವೆಲ್ಲ ಭ್ರಮೆ ಅಂತ ನಾನು ಹೇಳುತ್ತಿಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ವರ್ಗದ ಜನರಿಕ್ ಔಷಧಿಗಳಿಗೆ, ಮೂಲ ಔಷಧಿಯ ಹಾಗೇ ರಕ್ತಕ್ಕೆ ಸೇರುತ್ತದೆ ಅಂತ ತೋರಿಸುವ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾಗಿದ್ದು 2017ರಲ್ಲಿ. ಗುಣಮಟ್ಟದಲ್ಲಿ ಫೇಲಾದ ಔಷಧಿಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಹಾಕುತ್ತದೆ. ಅದರಲ್ಲಿ ಅಗ್ಗದವೂ ಇರುತ್ತವೆ, ಹೆಸರುವಾಸಿ ಬ್ರಾಂಡೂ ಸಿಗುತ್ತವೆ. ಫಿಟ್ಸ್, ಥೈರಾಯ್ಡ್, ರಕ್ತ ತೆಳು ಮಾಡುವ ವಾರ್ಫರಿನ್, ಇಂಥವುಗಳಲ್ಲಿ ಕಂಪನಿ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಅಂಗಡಿಯ ಮೇಲೆ ನನ್ನ ದೂರು ನಾಲ್ಕಾರಿವೆ. ದೊಡ್ಡದು ಒಂದೇ: ಪ್ರತಿ ತಿಂಗಳು ಬೇರೆ ಕಂಪನಿಯ ಸ್ಟ್ರಿಪ್ ಕೊಡುತ್ತಾರೆ. ಕಳೆದ ತಿಂಗಳ ಬಿಳಿ ಗುಳಿಗೆ ಈ ತಿಂಗಳು ತಿಳಿ ಹಳದಿ. ಬಣ್ಣ ನೋಡಿ ಗುಳಿಗೆ ಗುರುತಿಸುವ ಅವ್ವನಂಥವರಿಗೆ ಇದು ದೊಡ್ಡ ಕಷ್ಟ. ಸ್ಟಾಕ್ ತರಿಸುವಾಗ ಖಾಯಂ ಗಿರಾಕಿಗೆ ಒಂದೇ ಕಂಪನಿಯದು ತೆಗೆದಿಟ್ಟರೆ ಸಾಕು. ಕತ್ತರಿಯಲ್ಲಿ ಸ್ಟ್ರಿಪ್ ತುಂಡು ಮಾಡುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುದಿಯನ್ನೇ ತಾವು ಇಟ್ಟುಕೊಳ್ಳುತ್ತಾರೆ, ಅದೂ ಬಿಡಬೇಕು.

ಒಳ್ಳೆಯದೂ ಇದೆ. ಬಿಲ್ ಕೇಳದೆಯೇ ಕೊಡುತ್ತಾರೆ. ಡಾಕ್ಟರ ಚೀಟಿಯಲ್ಲಿ ಬ್ರಾಂಡ್ ಹೆಸರಷ್ಟೇ ಇದ್ದರೆ, ಸಾಲ್ಟ್ ಯಾವುದು ಅಂತ ಫಾರ್ಮಸಿಸ್ಟ್ ಮೇಡಂ ಚೀಟಿಯ ಹಿಂದೆ ಬರೆದು, "ಒಂದ್ಸಲ ಡಾಕ್ಟರಿಗೆ ತೋರಿಸಿ" ಅನ್ನುತ್ತಾರೆ. ಸಾಲ್ಟ್ ಹೆಸರೇ ಬರೆಯಬೇಕು ಅಂತ ಡಾಕ್ಟರುಗಳಿಗೆ 2023ರ ಆಗಸ್ಟ್‌ನಲ್ಲಿ ನಿಯಮ ಬಂದಿತ್ತು, ಅದೇ ತಿಂಗಳು ತಡೆಯೂ ಬಿತ್ತು. ಹಾಗಾಗಿ ಆ ಕೆಲಸ ಈಗ ಈ ಮೇಡಂ ಪಾಲಿಗೆ. ಅವರು ಸಂಜೆ ಇರುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಿದ್ದರೆ ಸಂಜೆಯೇ ಹೋಗಿ. ಬೆಳಿಗ್ಗೆ ಆ ಹುಡುಗ ಇರುತ್ತಾನೆ, ನೀವೊಬ್ಬರೇ ಹೋಗಿ ತಗೊಂಡು ಬನ್ನಿ. ಐದಕ್ಕೆ ನಾಲ್ಕು ಸ್ಟಾರ್. ಹುಡುಗ "ಚೀಪ್ ಕಂಪನಿ" ಅನ್ನುವುದು ಬಿಟ್ಟ ದಿನ ಇನ್ನರ್ಧ ಸೇರಿಸುತ್ತೇನೆ.