ಪಿಡಿಬಿ: ಖನಿಜ ಪಾಠ ಕಲಿಸುವವರು ಒಮ್ಮೆ ತೆರೆದು ನೋಡಲೇಬೇಕಾದ ತಾಣ

ಮನೆಯಲ್ಲಿ ಪಿಯುಸಿ ಸೈನ್ಸ್ ಓದುವ ಮಕ್ಕಳಿದ್ದರೆ, ನೀವೇ ಬಯಾಲಜಿ ಕಲಿಸುವವರಾದರೆ, ಇಲ್ಲಾ ಕೃಷಿ ಬಿಎಸ್ಸಿ ಮಾಡುತ್ತಿದ್ದರೆ ಆರ್‌ಸಿಎಸ್‌ಬಿ ಪ್ರೋಟೀನ್ ಡೇಟಾ ಬ್ಯಾಂಕ್ ತಾಣವನ್ನು ದಯವಿಟ್ಟು ತೆರೆದು ನೋಡಿ. ಪ್ರೋಟೀನ್‌ಗಳ ಮೂರು ಆಯಾಮದ ರಚನೆಗಳನ್ನು ಕೂಡಿಟ್ಟಿರುವ ತಾಣ ಇದು, ಎಲ್ಲರೂ ಪಿಡಿಬಿ ಅಂತಾರೆ. ಲಾಗಿನ್ ಬೇಡ, ದುಡ್ಡು ಬೇಡ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಏಳೇ ಏಳು ಪ್ರೋಟೀನ್ ರಚನೆಗಳಿಂದ ಶುರುವಾಗಿದ್ದು, ಈಗ ಎರಡು ಲಕ್ಷ ದಾಟಿದೆ. ಎಲ್ಲವೂ ಪುಕ್ಕಟೆ.

ನಾನು ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಖನಿಜಗಳು. ಕಬ್ಬಿಣ ರಕ್ತಕ್ಕೆ ಒಳ್ಳೆಯದು, ಜಿಂಕ್ ಬೆಳವಣಿಗೆಗೆ ಬೇಕು ಅಂತ ಉರು ಹೊಡೆಸಿ ಮುಂದೆ ಹೋಗ್ತೀವಿ. ಆ ಜಿಂಕ್ ಮೈಯೊಳಗೆ ಹೋಗಿ ಎಲ್ಲಿ ಕೂರುತ್ತದೆ, ಕೂತು ಏನು ಮಾಡುತ್ತದೆ? ಯಾರೂ ತೋರಿಸುವುದಿಲ್ಲ. ಸಾಲದ್ದಕ್ಕೆ ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕದಿಂದ ಸಸ್ಯಗಳ ಖನಿಜ ಪೋಷಣೆಯ ಪಾಠವನ್ನೇ ಕೈಬಿಟ್ಟಿದ್ದಾರೆ. ನನಗಂತೂ ಇದು ತುಂಬಾ ಬೇಸರದ ವಿಷಯ.

ಹುಡುಕುವ ಜಾಗದಲ್ಲಿ 1ಸಿಎ2 ಅನ್ನುವ ರಚನೆಯ ಗುರುತನ್ನು (ಅಕ್ಷರಗಳನ್ನು ಇಂಗ್ಲಿಷಿನಲ್ಲಿ) ಹಾಕಿ. ಕಾರ್ಬಾನಿಕ್ ಅನ್‌ಹೈಡ್ರೇಸ್ ಬರುತ್ತದೆ. ನಮ್ಮ ಕೆಂಪು ರಕ್ತಕಣದಲ್ಲಿ ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬನೇಟ್ ಮಾಡುವ ಕಿಣ್ವ ಇದು. ಬೆರಳಲ್ಲಿ ತಿರುಗಿಸುತ್ತಾ ಒಳಗಿನ ಗುಳಿಯವರೆಗೆ ಹೋಗಿ. ತಳದಲ್ಲಿ ಒಂದು ಜಿಂಕ್ ಪರಮಾಣು ಕೂತಿದೆ, ಸರಪಳಿಯ 94, 96, 119ನೇ ಜಾಗದ ಮೂರು ಹಿಸ್ಟಿಡಿನ್ ಅಮೈನೋ ಆಮ್ಲಗಳು ಅದನ್ನು ಮೂರು ಕಡೆಯಿಂದ ಹಿಡಿದುಕೊಂಡಿವೆ. ಸರಪಳಿಯಲ್ಲಿ 94, 96 ಹತ್ತಿರವೇ ಇವೆ, 119 ಮಾತ್ರ ದೂರ, ಮಡಚಿಕೊಂಡ ಮೇಲೆ ಮೂರೂ ಒಂದೇ ಕಡೆ ಬಂದಿವೆ. 250ಕ್ಕೂ ಜಾಸ್ತಿ ಅಮೈನೋ ಆಮ್ಲಗಳು ಮಡಚಿಕೊಂಡು ಒಂದು ಜಿಂಕ್‌ಗೆ ಜಾಗ ಮಾಡಿಕೊಟ್ಟಿವೆ ಅಂತ ಕಣ್ಣಾರೆ ಕಾಣುತ್ತದೆ. ಆ ಜಿಂಕ್ ಒಂದು ನೀರಿನ ಅಣುವನ್ನು ಹಿಡಿದು ಚುರುಕಾಗಿಸುತ್ತದೆ. ಅದರಿಂದಲೇ ಈ ಕಿಣ್ವ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಅಣುಗಳನ್ನು ಬದಲಾಯಿಸುವುದು. ಜಿಂಕ್ ತೆಗೆದರೆ ಪ್ರೋಟೀನ್ ಇದ್ದರೂ ಕೆಲಸ ನಡೆಯುವುದಿಲ್ಲ.

ಕೃಷಿ ಓದುವವರಿಗೆ 3ಯು7ಕ್ಯೂ. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್, ಮಣ್ಣಿನಲ್ಲಿ ಒಂಟಿಯಾಗಿ ಬದುಕುವ ಅಜಟೋಬ್ಯಾಕ್ಟರ್‌ನದು. ಕಡಲೆಕಾಯಿ ಬೇರಿನ ಗಂಟಿನೊಳಗಿನ ಬ್ಯಾಕ್ಟೀರಿಯಾದಲ್ಲೂ ಇದೇ ಬಗೆಯ ಕಿಣ್ವವೇ ಇರೋದು. ಪುಟದಲ್ಲಿರುವ ಸಣ್ಣ ಅಣುಗಳ ಪಟ್ಟಿಯಲ್ಲಿ ಐಸಿಎಸ್ ಅಂತ ಇರುವುದನ್ನು ಒತ್ತಿದರೆ ಏಳು ಕಬ್ಬಿಣ, ಒಂಬತ್ತು ಗಂಧಕ, ಒಂದು ಮಾಲಿಬ್ಡಿನಂ, ನಟ್ಟನಡುವೆ ಒಂದು ಇಂಗಾಲ ಇರುವ ಗೊಂಚಲು ಕಾಣುತ್ತದೆ. ಆ ನಡುವಿನದು ಇಂಗಾಲ ಅಂತ ಖಚಿತವಾಗಿದ್ದೇ 2011ರಲ್ಲಿ. ಇದನ್ನು ತೋರಿಸಿದ ಮೇಲೆ ದ್ವಿದಳ ಬೆಳೆಯ ಬೀಜಕ್ಕೆ ಚಿಟಿಕೆ ಮಾಲಿಬ್ಡೇಟ್ ಯಾಕೆ ಉಪಚಾರ ಮಾಡ್ತಾರೆ, ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಮಾಲಿಬ್ಡಿನಂ ಬೇರಿಗೆ ಸುಲಭವಾಗಿ ಸಿಗುತ್ತೆ ಅನ್ನೋದು ಯಾಕೆ ಮುಖ್ಯ, ಎರಡನ್ನೂ ಬಿಡಿಸಿ ಹೇಳುವ ಕಷ್ಟವಿಲ್ಲ. ಸಾಧ್ಯವಾದರೆ ಅದೇ ದಿನ ಒಂದು ಕಡಲೆಕಾಯಿ ಗಿಡ ಕಿತ್ತು ಗಂಟನ್ನು ಉಗುರಲ್ಲಿ ಸೀಳಿ ತೋರಿಸಿ. ಕೆಲಸ ಮಾಡುವ ಗಂಟು ಒಳಗೆ ಗುಲಾಬಿ ಬಣ್ಣ ಇರುತ್ತದೆ. ಅದು ಲೆಗ್‌ಹಿಮೋಗ್ಲೋಬಿನ್, ಅಲ್ಲಿರುವುದೂ ಕಬ್ಬಿಣವೇ.

ಈಗ ಎಲ್ಲರ ಬಾಯಲ್ಲೂ ಪ್ರೋಟೀನ್ ರಚನೆಯನ್ನು ಊಹಿಸುವ ಎಐ ಆಲ್ಫಾಫೋಲ್ಡ್ ಅಲ್ವಾ? 2024ರ ನೊಬೆಲ್ ಬಂದ ಮೇಲಂತೂ ಕೇಳೋದೇ ಬೇಡ. ಅದರ ಡೇಟಾಬೇಸ್‌ನಲ್ಲಿ 20 ಕೋಟಿಗೂ ಮೀರಿ ಊಹಿಸಿದ ರಚನೆಗಳಿವೆ, ಸಾಧನೆ ದೊಡ್ಡದು, ಒಪ್ಪುತ್ತೇನೆ. ಆದರೆ ಅಲ್ಲಿನ ಮಾದರಿಗಳಲ್ಲಿ ಲೋಹಗಳಿಲ್ಲ. ಹಿಮೋಗ್ಲೋಬಿನ್ ಸರಪಳಿ ತೆರೆದರೆ ಕಬ್ಬಿಣ ಹಿಡಿದಿರುವ ಹೀಮ್ ಇರಬೇಕಾದ ಜಾಗ ಖಾಲಿ. ಆಲ್ಫಾಫೋಲ್ಡ್ 3 ಲೋಹಗಳನ್ನೂ ಸೇರಿಸಿ ಊಹಿಸುತ್ತದೆ, ಅದು ಬೇರೆ ಮಾತು. ಖನಿಜದ ಪಾಠಕ್ಕೆ ಪ್ರಯೋಗದಿಂದ ಕಂಡ ರಚನೆಯೇ ಬೇಕು, ಅದಕ್ಕೆ ಪಿಡಿಬಿಯೇ ಸರಿ.

ಒಂದು ಎಚ್ಚರಿಕೆ. ಇಲ್ಲಿ ಕಾಣುವ ಲೋಹವೆಲ್ಲ ಮೈಯಲ್ಲಿರುವುದಲ್ಲ. ಕಬ್ಬಿಣ ಕೂಡಿಡುವ ಫೆರಿಟಿನ್ ತೆರೆದರೆ ಎಷ್ಟೋ ಕಡೆ ಕ್ಯಾಡ್ಮಿಯಂ ಸಿಗುತ್ತದೆ. ಎಕ್ಸ್‌ರೇಯಲ್ಲಿ ರಚನೆ ನೋಡಲು ಪ್ರೋಟೀನ್ ಹರಳು ಕಟ್ಟಬೇಕು, ಅದಕ್ಕೆಂದು ಪ್ರಯೋಗಾಲಯದಲ್ಲಿ ಹಾಕಿದ್ದು ಅದು. ಮಕ್ಕಳು ವಿಷವನ್ನೇ ಪೋಷಕಾಂಶ ಅಂದುಕೊಳ್ಳಬಾರದು. ಫೈಲ್ ಇಳಿಸಿಕೊಂಡು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುವವರೂ ಗಮನಿಸಿ: ಫೆರಿಟಿನ್‌ನಲ್ಲಿ 24 ತುಂಡುಗಳು ಸೇರಿ ಒಂದು ಟೊಳ್ಳು ಗೋಳ ಆಗಬೇಕು, ಸುಮ್ನೆ ತೆರೆದರೆ ಕೆಲವೊಮ್ಮೆ ಒಂದೇ ತುಂಡು ಬರುತ್ತದೆ. ಬಯಲಾಜಿಕಲ್ ಅಸೆಂಬ್ಲಿ ಅಂತ ಇರುವುದನ್ನೇ ಇಳಿಸಿಕೊಳ್ಳಿ.

ಎಕ್ಸ್‌ರೇ ರಚನೆಗಳ ಪುಟದಲ್ಲಿ ಗುಣಮಟ್ಟ ತೋರಿಸುವ ಬಣ್ಣದ ಪಟ್ಟಿಗಳಿರುತ್ತವೆ. ಅದರಲ್ಲಿ ರಾಮಚಂದ್ರನ್ ಹೆಸರು ನೋಡಿ. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಅಂತ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಅವರ ತಂಡ 1963ರಲ್ಲಿ ಮದ್ರಾಸಿನಲ್ಲಿ ಮಾಡಿದ ಲೆಕ್ಕಾಚಾರ ಇವತ್ತಿಗೂ ಜಗತ್ತಿನ ಪ್ರೋಟೀನ್ ರಚನೆಗಳನ್ನು ಒರೆಗೆ ಹಚ್ಚುತ್ತಿದೆ. ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದೂ ಅವರೇ. ನಮ್ಮ ಮಕ್ಕಳಿಗೆ ಇದು ಗೊತ್ತಾಗಬೇಕು.

ಕೊರತೆ ಅಂದರೆ ಭಾಷೆ. ಪ್ರತಿ ತಿಂಗಳು ಒಂದು ಪ್ರೋಟೀನ್ ಬಗ್ಗೆ ಬರುವ ಮಾಲಿಕ್ಯೂಲ್ ಆಫ್ ದ ಮಂತ್ ಬರಹಗಳು 2000ದಿಂದ ಇವೆ, ಡೇವಿಡ್ ಗುಡ್ಸೆಲ್ ಅವರ ಚಿತ್ರಗಳು ಸೊಗಸು, ಆದರೆ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಪಕ್ಕದಲ್ಲಿ ಕೂತು ಹೇಳುವವರು ಬೇಕೇ ಬೇಕು. ಹಳೆಯ ಫೋನಿನಲ್ಲಿ ದೊಡ್ಡ ರಚನೆ ಒದ್ದಾಡುತ್ತದೆ, ಲ್ಯಾಪ್‌ಟಾಪ್ ಇದ್ದರೆ ವಾಸಿ. ಮೊದಲ ದಿನವೇ ನೈಟ್ರೋಜಿನೇಸ್ ತೆರೆಯಬೇಡಿ, ಗಾಬರಿಯಾಗುತ್ತದೆ. 1ಸಿಎ2 ಚಿಕ್ಕದು, ಒಂದೇ ಸರಪಳಿ, ಒಂದೇ ಜಿಂಕ್. ಅಲ್ಲಿಂದ ಶುರು ಮಾಡಿ.