ಸಿಕ್ಸ್ ಇನ್ ಒನ್ ಕೇಬಲ್: ಎಲ್ಲಾದಕ್ಕೂ ಹೋಗುತ್ತೆ, ಎಲ್ಲಾನೂ ಚಾರ್ಜ್ ಮಾಡಲ್ಲ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ಎರಡೂವರೆ ಸ್ಟಾರ್. ಆ ಅರ್ಧ ಸ್ಟಾರ್ ಕೂಡ ಕೇಬಲ್ ಮೇಲೆ ಸುತ್ತಿರೋ ನೈಲಾನ್‌ಗೆ ಕೊಟ್ಟಿದ್ದು, ಅದೊಂದು ನಿಜವಾಗ್ಲೂ ಗಟ್ಟಿ ಇದೆ.

ಯಾಕೆ ತಗೊಂಡೆ ಅಂದ್ರೆ, ಗಣೇಶನ ಹಬ್ಬಕ್ಕೆ ಊರಿಗೆ ಹೋಗ್ಬೇಕಿತ್ತು, ಮನೇಲಿ ನಾಲ್ಕು ಜನ, ನಾಲ್ಕು ಜನಕ್ಕೂ ಒಂದೊಂದು ಜಾತಿ ಕೇಬಲ್ಲು. ನಂದು ಟೈಪ್ ಸಿ, ನನ್ನ ಹೆಂಡ್ತಿದು ಐಫೋನ್ 13 ಸೋ ಲೈಟ್ನಿಂಗ್, ಅಮ್ಮಂದು ಬಟನ್ ಫೋನು ಅದಕ್ಕೆ ಮೈಕ್ರೋ ಯುಎಸ್‌ಬಿ, ಮಗನ ವಾಚಿಗೆ ಹಿಂದ್ಗಡೆ ಮ್ಯಾಗ್ನೆಟ್ ತರ ಅಂಟ್ಕೊಳ್ಳೋದು. ಇದಲ್ದೆ ನನ್ನ ಟ್ರಿಮ್ಮರ್, ನೆಕ್‌ಬ್ಯಾಂಡ್, ಆಫೀಸ್ ಲ್ಯಾಪ್‌ಟಾಪ್. ಯುಗಾದಿಗೆ ಹೋದಾಗ ಲೈಟ್ನಿಂಗ್ ಕೇಬಲ್ ಬೆಂಗ್ಳೂರಲ್ಲೇ ಮರ್ತು ಹೋಗಿದ್ವಿ, ನಮ್ಮೂರ ಬೀದೀಲಿ ಒಬ್ರ ಹತ್ರಾನೂ ಐಫೋನ್ ಇಲ್ಲ, ಪಕ್ಕದ ಟೌನಲ್ಲಿ ಮೊಬೈಲ್ ಅಂಗಡಿಗಳು ಹಬ್ಬಕ್ಕೆ ಬಾಗ್ಲು ಹಾಕಿದ್ವು, ಮೂರು ದಿನ ನಾನು ಕೇಳಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಅದಕ್ಕೇ ಈ ಸಲ ಒಂದೇ ಕೇಬಲಲ್ಲಿ ಎಲ್ಲಾ ಮುಗಿಸ್ಬಿಡೋಣ ಅಂತ ಆನ್‌ಲೈನಲ್ಲಿ 449 ರೂಪಾಯಿ ಕೊಟ್ಟು ಇದನ್ನ ತರಿಸ್ದೆ. ಕಂಪನಿ ಹೆಸ್ರು ಬೇಡ ಬಿಡಿ, ಡಬ್ಬದ ಮೇಲೆ ಒಂದು ಹೆಸ್ರು, ಕೇಬಲ್ ಮೇಲೆ ಇನ್ನೊಂದು ಹೆಸ್ರು.

ಸಿಕ್ಸ್ ಇನ್ ಒನ್ ಅಂದ್ರೆ ಆರು ತಲೆ ಇರುತ್ತೆ ಅನ್ಕೊಂಡಿದ್ದೆ, ಹಂಗಲ್ಲ. ಚಾರ್ಜರ್ ಕಡೆಗೆ ಎರಡು, ಹಳೇ ಚಪ್ಪಟೆ ಎ ಮತ್ತೆ ಸಿ. ಫೋನ್ ಕಡೆಗೆ ಮೂರು, ಸಿ, ಲೈಟ್ನಿಂಗ್, ಮೈಕ್ರೋ. ಎರಡು ಮೂರ್ಲಿ ಆರು. ಈ ಎಕ್ಸ್‌ಟ್ರಾ ತಲೆಗಳು ಸಣ್ಣ ಟೋಪಿ ತರ, ಪುಟ್ಟ ರಬ್ಬರ್ ದಾರದಲ್ಲಿ ಜೋತಾಡ್ತಿರ್ತವೆ, ಬೇಕಾದ್ದನ್ನ ಹಾಕ್ಕೊಳ್ಳೋದು ಬೇಡದ್ದನ್ನ ತೆಗಿಯೋದು. ಐಡಿಯಾ ಚೆನ್ನಾಗೇ ಇದೆ.

ಈಗ ಟೆಸ್ಟಿಂಗ್. ನನ್ನ ಹತ್ರ ಬೆಂಗ್ಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ತಗೊಂಡ ಒಂದು ಸಣ್ಣ ಯುಎಸ್‌ಬಿ ಮೀಟರ್ ಇದೆ, ಮಧ್ಯ ಸಿಗಿಸಿದ್ರೆ ಎಷ್ಟು ವೋಲ್ಟ್ ಎಷ್ಟು ಆಂಪ್ ಹೋಗ್ತಿದೆ ಅಂತ ತೋರಿಸುತ್ತೆ, ಎರಡನ್ನೂ ಗುಣಿಸಿದ್ರೆ ವ್ಯಾಟ್. ಇಂಥ ಕೇಬಲ್ ತಗೊಳ್ಳೋರೆಲ್ಲ ಇದೊಂದನ್ನ ಇಟ್ಕೊಳ್ಳಿ, ಡಬ್ಬದ ಮೇಲಿರೋ ವ್ಯಾಟ್ ಎಲ್ಲಾ ರಾಮನ ಲೆಕ್ಕ ಕೃಷ್ಣನ ಲೆಕ್ಕ.

ನನ್ನ ಫೋನಿಗೆ 67 ವ್ಯಾಟ್ ಚಾರ್ಜರ್ ಜೊತೇಲೇ ಬಂದಿತ್ತು. ಅದಕ್ಕೆ ಈ ಕೇಬಲ್ಲಿನ ಎ ತುದಿ ಹಾಕಿದ್ರೆ 10 ವ್ಯಾಟ್ ದಾಟ್ಲಿಲ್ಲ. ಇದು ಪೂರ್ತಿ ಕೇಬಲ್ ತಪ್ಪಲ್ಲ ಅನ್ನಿ, ಈ ಫೋನ್ ಕಂಪನಿಗಳು ಒಬ್ಬೊಬ್ರೂ ತಮ್ಮದೇ ಫಾಸ್ಟ್ ಚಾರ್ಜಿಂಗ್ ಮಾಡ್ಕೊಂಡು ಕೂತಿದಾರೆ, ಅವ್ರ ಚಾರ್ಜರ್ರು ಅವ್ರ ಕೇಬಲ್ಲು ಅವ್ರ ಫೋನು ಮೂರೂ ಸೇರಿದ್ರೆ ಮಾತ್ರ ಆ ಸ್ಪೀಡು, ಮೂರಲ್ಲಿ ಒಂದು ಬದ್ಲಾದ್ರೂ ಎತ್ತಿನಗಾಡಿ. ಸಿ ತುದಿನ ಇನ್ನೊಂದು ಪಿಡಿ (ಪವರ್ ಡೆಲಿವರಿ, ಎಲ್ಲಾ ಕಂಪನಿಗೂ ಕಾಮನ್ ಆಗಿರೋ ಫಾಸ್ಟ್ ಚಾರ್ಜಿಂಗ್) ಚಾರ್ಜರ್‌ಗೆ ಹಾಕ್ದಾಗ 9 ವೋಲ್ಟ್ 1.7 ಆಂಪ್ ಬಂತು, ಅಂದ್ರೆ ಸುಮಾರು 15 ವ್ಯಾಟ್. ರಾತ್ರಿ ಹಾಕಿ ಮಲ್ಗೋರಿಗೆ ಸಾಕು, ಬೆಳಿಗ್ಗೆ ಸ್ನಾನಕ್ಕೆ ಹೋಗಿ ಬರೋದ್ರೊಳಗೆ ಫುಲ್ ಆಗ್ಬೇಕು ಅನ್ನೋ ನನ್ನಂಥೋರಿಗೆ ಸಾಕಾಗಲ್ಲ.

ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಸ್ಲೋ ಚಾರ್ಜರ್ ಅಂತ ಮೂಲೇಲಿ ಮೆಸೇಜು. ಡಬ್ಬದ ಮೇಲೆ ದೊಡ್ಡದಾಗಿ 100 ವ್ಯಾಟ್ ಅಂತ ಹಾಕಿದಾರೆ, ಮೀಟರಲ್ಲಿ 20 ವೋಲ್ಟ್ ಬರುತ್ತೆ ಆದ್ರೆ 3 ಆಂಪ್ ಮೇಲೆ ಹೋಗೋದೇ ಇಲ್ಲ, ಅಲ್ಲಿಗೆ 60. 3 ಆಂಪ್ ಮೇಲೆ ಬೇಕು ಅಂದ್ರೆ ಕೇಬಲ್ ಒಳಗೆ ಇ-ಮಾರ್ಕರ್ ಅಂತ ಒಂದು ಚಿಪ್ ಇರ್ಬೇಕು, ಅದು ಚಾರ್ಜರ್‌ಗೆ ನಾನು 5 ಆಂಪ್ ತಡ್ಕೋತೀನಿ ಕಣಪ್ಪ ಅಂತ ಹೇಳ್ಬೇಕು, ಇಲ್ಲಾಂದ್ರೆ ಚಾರ್ಜರ್ ಕೊಡಲ್ಲ. ಇದರಲ್ಲಿ ಆ ಚಿಪ್ ಇದ್ದಂಗಿಲ್ಲ. 100 ಅಂತ ಪ್ರಿಂಟ್ ಮಾಡೋಕೆ ಚಿಪ್ ಬೇಕಿಲ್ವಲ್ಲ.

ಐಫೋನಿಗೆ ಲೈಟ್ನಿಂಗ್ ಟೋಪಿ ಹಾಕಿದ ಮೊದಲ ದಿನ ಚೆನ್ನಾಗಿ ಚಾರ್ಜ್ ಆಯ್ತು, ಎರಡನೇ ದಿನದಿಂದ ಈ ಆಕ್ಸೆಸರಿ ಸಪೋರ್ಟ್ ಆಗ್ದೇ ಇರ್ಬಹುದು ಅಂತ ಆಗಾಗ ಬರೋಕೆ ಶುರು. ತೆಗ್ದು ಹಾಕಿದ್ರೆ ಸರಿಹೋಗುತ್ತೆ. "ನೀವು ತಂದಿದ್ದೆಲ್ಲಾ ಹಿಂಗೇ" ಅಂದ್ಲು ಹೆಂಡ್ತಿ, ಅದಕ್ಕೆ ನನ್ನ ಹತ್ರ ಉತ್ರ ಇಲ್ಲ.

ಆದ್ರೆ ನನ್ನ ತಲೆ ಕೆಡಿಸಿದ್ದು ಟ್ರಿಮ್ಮರ್. ಟೈಪ್ ಸಿ ಸಾಕೆಟ್ಟೇ ಇದೆ, ಕೇಬಲ್ಲಿನ ಸಿ ತಲೆ ಟಕ್ ಅಂತ ಕೂರುತ್ತೆ, ಆ ಕಡೆ ಸಿ ಚಾರ್ಜರ್, ಲೈಟೇ ಬರಲ್ಲ. ತಿರುಗ್ಸಿ ಹಾಕ್ದೆ, ಊದಿ ಹಾಕ್ದೆ, ಟ್ರಿಮ್ಮರ್ ಸತ್ತೇಹೋಯ್ತು ಅಂತ ಬಿಸಾಕೋಕೂ ರೆಡಿ ಆಗಿದ್ದೆ. ಆಮೇಲೆ ಚಾರ್ಜರ್ ಕಡೆ ಎ ತುದಿ ಹಾಕಿ ನೋಡ್ದೆ, ತಕ್ಷಣ ಕೆಂಪು ಲೈಟು. ಅದೇ ಕೇಬಲ್, ಅದೇ ಟ್ರಿಮ್ಮರ್!

ಇದ್ಯಾಕೆ ಹಿಂಗೆ ಅಂತ ಹುಡುಕಿದ್ರೆ ವಿಷ್ಯ ಮಜಾ ಇದೆ. ಹಳೇ ಎ ಪೋರ್ಟಲ್ಲಿ 5 ವೋಲ್ಟ್ ಯಾವಾಗ್ಲೂ ಬರ್ತಾನೇ ಇರುತ್ತೆ, ನಮ್ಮನೆ ತೊಟ್ಟಿಕ್ಕೋ ನಲ್ಲಿ ತರ. ಸಿ ಪೋರ್ಟ್ ಹಂಗಲ್ಲ, ಆ ಕಡೆ ಯಾರಿದಾರೆ ಅಂತ ಮೊದ್ಲು ನೋಡುತ್ತೆ. ಚಾರ್ಜ್ ಆಗೋ ಸಾಮಾನಿನ ಒಳಗೆ ಸಿಸಿ ಅನ್ನೋ ಎರಡು ಪಿನ್ನಿಗೆ ಒಂದೊಂದು 5.1 ಕಿಲೋ ಓಮ್ ರೆಸಿಸ್ಟರ್ ಹಾಕಿರ್ಬೇಕು, ಅದು ಕಂಡ್ರೆ ಮಾತ್ರ ಚಾರ್ಜರ್ ಕರೆಂಟ್ ಬಿಡೋದು. ಆ ರೆಸಿಸ್ಟರ್ ಒಂದಕ್ಕೆ ಒಂದು ರೂಪಾಯಿನೂ ಇಲ್ಲ ಸ್ವಾಮಿ, ಅದನ್ನೂ ಉಳಿಸಿದಾರೆ ಟ್ರಿಮ್ಮರ್ ಮಾಡ್ದೋರು. ಸಣ್ಣಪುಟ್ಟ ಕಂಪನಿ ಅಂತ ಬೈಯೋ ಹಾಗೂ ಇಲ್ಲ, 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಲ್ಲೂ ಎರಡು ಪಿನ್ನಿಗೆ ಸೇರ್ಸಿ ಒಂದೇ ರೆಸಿಸ್ಟರ್ ಹಾಕಿ ಇ-ಮಾರ್ಕರ್ ಇರೋ ಒಳ್ಳೊಳ್ಳೆ ಕೇಬಲಲ್ಲೇ ಪವರ್ ಬರ್ದೆ ಆಮೇಲೆ ಬೋರ್ಡ್ ಸರಿ ಮಾಡಿದ್ರು.

ಸರಿ ಟ್ರಿಮ್ಮರ್ ತಪ್ಪು, ಒಪ್ಕೊಂಡೆ. ಆದ್ರೆ ಈ ಕೇಬಲ್ ಕೂಡ ಅದೇ ಕಳ್ಳಾಟ ಆಡಿದೆ. ಮೈಕ್ರೋ ಟೋಪಿ ಹಾಕಿ ಸಿ ಚಾರ್ಜರ್‌ಗೆ ಸಿಗಿಸಿದ್ರೆ ಅಮ್ಮನ ಫೋನೂ ಚಾರ್ಜ್ ಆಗಲ್ಲ, ನೆಕ್‌ಬ್ಯಾಂಡೂ ಆಗಲ್ಲ, ಎ ಕಡೆಯಿಂದ ಕೊಟ್ರೆ ಎರಡೂ ಆಗುತ್ತೆ. ಅಂದ್ರೆ ಆ ಟೋಪಿ ಒಳಗೆ ಇರ್ಬೇಕಾದ 5.1 ಕಿಲೋ ಓಮ್ ಇದ್ದಂಗಿಲ್ಲ. ಹಂಗಾಗಿ ಆರಲ್ಲಿ ಒಂದು ಕಾಂಬಿನೇಶನ್ ಬರೀ ಶೋಗೆ.

ಅಮ್ಮ ಇದೆಲ್ಲಾ ನೋಡಿ "ನಿಮ್ಮಪ್ಪಂದು ಇತ್ತಲ್ಲ ನೋಕಿಯಾ, ದಪ್ಪ ಪಿನ್ನು, ಅದೇ ವಾಸಿ ಕಣೋ" ಅಂದ್ರು. ನಗು ಬಂತು, ಆಮೇಲೆ ಯೋಚ್ನೆ ಮಾಡಿದ್ರೆ ಅವ್ರು ಹೇಳೋದ್ರಲ್ಲಿ ತಪ್ಪೇನಿದೆ. 1100ಕ್ಕೆ ದಪ್ಪ ಪಿನ್, ಆಮೇಲೆ ಬಂದವಕ್ಕೆ ಸಣ್ಣ ಪಿನ್, ಮದುವೆ ಮನೇಲಿ "ಸಣ್ಣ ಪಿನ್ ಚಾರ್ಜರ್ ಯಾರ ಹತ್ರ ಇದೆ" ಅಂತ ಕೇಳ್ಕೊಂಡು ಓಡಾಡ್ತಿದ್ವಿ. ಹೋಗ್ಲಿಲ್ಲ ಅಂದ್ರೆ ಹೋಗ್ಲಿಲ್ಲ, ಕಣ್ಣಿಗೇ ಕಾಣ್ತಿತ್ತು. ಈಗ ಎಲ್ಲಾ ಒಂದೇ ಶೇಪು, ಎಲ್ಲದ್ರೊಳಗೂ ಹೋಗುತ್ತೆ, ಹೋದ್ಮೇಲೆ ಕೆಲ್ಸ ಮಾಡುತ್ತೋ ಇಲ್ವೋ, 10 ವ್ಯಾಟೋ 60 ವ್ಯಾಟೋ, ಹಚ್ಚಿ ನೋಡೋವರ್ಗೂ ದೇವ್ರಿಗೇ ಗೊತ್ತು. 24 ಪಿನ್ ಇದೆಯಂತೆ ಅದರೊಳಗೆ, ಎಷ್ಟಕ್ಕೆ ವೈರ್ ಎಳ್ದಿದಾರೆ ಅಂತ ಹೊರಗಿಂದ ಹೇಗೆ ಗೊತ್ತಾಗ್ಬೇಕು.

ಕಾನೂನು ಬಂತಲ್ಲ ಅಂತೀರಾ. ಬಂತು, ಯುರೋಪಲ್ಲಿ ಡಿಸೆಂಬರ್ 28, 2024ರಿಂದ ಫೋನು ಟ್ಯಾಬ್ಲೆಟ್ಟು ಇಯರ್‌ಫೋನು ಎಲ್ಲಕ್ಕೂ ಟೈಪ್ ಸಿ ಕಡ್ಡಾಯ, ಆಪಲ್‌ನೋರು 2012ರಿಂದ ಹಿಡ್ಕೊಂಡಿದ್ದ ಲೈಟ್ನಿಂಗ್‌ನ 2023ರಲ್ಲಿ ಐಫೋನ್ 15ಕ್ಕೆ ಬಿಟ್ರು, ನಮ್ಮ ದೇಶದ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಬಿಐಎಸ್ ಕೂಡ 2023ರ ಜನವರೀಲಿ ಟೈಪ್ ಸಿಗೆ ಸ್ಟ್ಯಾಂಡರ್ಡ್ ಹೊರಡಿಸ್ತು. ಆದ್ರೆ ಆ ಯುರೋಪ್ ಲಿಸ್ಟಲ್ಲಿ ಕೀಬೋರ್ಡು ಮೌಸು ಇದೆ, ಟ್ರಿಮ್ಮರ್ ಇಲ್ಲ ನೋಡಿ.

ಇನ್ನೊಂದು, ಇಂಥ ಕೇಬಲ್ ಸ್ಲೋ ಅಷ್ಟೇ ತಾನೆ ಅಂತ ಬಿಡ್ಬೇಡಿ. ಗೂಗಲ್‌ನಲ್ಲಿ ಇಂಜಿನಿಯರ್ ಬೆನ್ಸನ್ ಲ್ಯುಂಗ್ ಅಂತ ಒಬ್ರು, 2015ರಲ್ಲಿ ಅಮೆಜಾನಲ್ಲಿ ಸಿಗೋ ಟೈಪ್ ಸಿ ಕೇಬಲ್‌ಗಳನ್ನ ಒಂದೊಂದಾಗಿ ಕೊಂಡು ಟೆಸ್ಟ್ ಮಾಡಿ ರಿವ್ಯೂ ಬರೀತಾ ಹೋದ್ರು, 2016ರಲ್ಲಿ ಒಂದು ಕೇಬಲಲ್ಲಿ ಪವರ್ ವೈರು ಗ್ರೌಂಡ್ ವೈರು ಅದ್ಲುಬದ್ಲಾಗಿ ಅವ್ರ ಲ್ಯಾಪ್‌ಟಾಪೇ ಹಾಳಾಯ್ತು. ಅದೇ ವರ್ಷ ಅಮೆಜಾನ್ ಸ್ಟ್ಯಾಂಡರ್ಡ್ ಪ್ರಕಾರ ಇಲ್ದಿರೋ ಟೈಪ್ ಸಿ ಕೇಬಲ್ ಮಾರೋ ಹಾಗಿಲ್ಲ ಅಂತ ರೂಲ್ ಮಾಡ್ತು. ನನ್ನ ಮೀಟರ್ ಸುಟ್ಟಿಲ್ಲ ಸದ್ಯ.

ರಿಟರ್ನ್ ಮಾಡೋಣ ಅಂದ್ರೆ ಏಳು ದಿನ, ಅದೂ ರೀಪ್ಲೇಸ್‌ಮೆಂಟ್ ಮಾತ್ರ, ಅಂದ್ರೆ ಇದನ್ನ ಕೊಟ್ಟು ಇಂಥದ್ದೇ ಇನ್ನೊಂದು ತಗೋಬೇಕು. ಬೇಡ ಅಂತ ಎಸ್‌ಪಿ ರೋಡಿಗೆ ಹೋಗಿ ಕೇಳ್ದೆ, ಅಂಗಡಿಯವ್ನು ಮೂರು ಕೇಬಲ್ ಕೌಂಟರ್ ಮೇಲೆ ಹಾಕಿ "ಸಾರ್ ಇದು 80, ಇದು 150, ಇದು 600, ಟೆಸ್ಟಿಂಗ್ ವಾರಂಟಿ ಮಾತ್ರ" ಅಂದ. ನೋಡೋಕೆ ಮೂರೂ ಒಂದೇ. ಅಲ್ಲೇ ಮೀಟರ್ ತೆಗ್ದು ಲ್ಯಾಪ್‌ಟಾಪ್‌ಗೆ ಹಾಕಿ ನೋಡ್ದೆ, 600ದು ಮಾತ್ರ 3 ಆಂಪ್ ದಾಟ್ತು, ತಗೊಂಡೆ. "ನೀವು ಕೇಬಲ್ ಬಿಸ್ನೆಸ್ಸಾ ಸಾರ್" ಅಂತ ಕೇಳ್ದ.

ಯಾರು ತಗೋಬಹುದು ಅಂದ್ರೆ, ಪವರ್ ಬ್ಯಾಂಕಿನ ಎ ಪೋರ್ಟಿಂದ ಎಲ್ಲಾನೂ ನಿಧಾನಕ್ಕೆ ಚಾರ್ಜ್ ಮಾಡ್ಕೊಂಡು ಬಸ್ಸಲ್ಲಿ ಓಡಾಡೋರು ತಗೊಳ್ಳಿ. ಲ್ಯಾಪ್‌ಟಾಪ್‌ಗೆ ಅಂತ ತಗೋಬೇಡಿ. ಮಗನ ವಾಚಿಗೆ ಇದಲ್ಲ ಯಾವ್ದೂ ಆಗಲ್ಲ, ಅದರ ಕೇಬಲ್ ಬೇರೆ ಹೊತ್ಕೊಂಡೇ ಹೋಗ್ಬೇಕು.

ಅಪ್‌ಡೇಟ್: ಮೂರು ವಾರ ಆಯ್ತು. ಹಬ್ಬ ಮುಗ್ಸಿ ವಾಪಸ್ ಬರೋವಾಗ ಬಸ್ಸಲ್ಲಿ ರಬ್ಬರ್ ದಾರ ಕಿತ್ತು ಮೈಕ್ರೋ ಟೋಪಿ ಎಲ್ಲೋ ಬಿದ್ಹೋಗಿದೆ. ಎರಡು ಎರಡ್ಲಿ ನಾಲ್ಕು, ಈಗ ಇದು ಫೋರ್ ಇನ್ ಒನ್.